ಲೋಳೆಸರದ ಬೇರು

"ಎಲೆ ಮುದುಡ್ಕೊಂಡಿದೆ! ನೀರು ಹಾಕೋಕೆ ನಿಂಗೇನು ದೊಡ್ಡ ರೋಗ?" ಗಂಡ ಅವಳ ಜಡೆ ಹಿಡಿದು ತಲೆಯನ್ನು ಲೋಳೆಸರದ ಮಣ್ಣಿನ ಕುಂಡಕ್ಕೆ ಅಪ್ಪಳಿಸಿದ. ಕುಂಡ ಒಡೆದು ಗಿಡ ಹೊರಬಿತ್ತು. ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಅವಳು ಬೇರು ನೋಡಿದಳು. ಕಪ್ಪಗಾಗಿ ನಾರುತ್ತಿತ್ತು.

"ನೀರು ಹೆಚ್ಚಾಗಿ ಬೇರು ಕೊಳೆತಿದೆ ರೀ. ನಿಮ್ಮ ಏಟಿಗೆ ಹೆದರಿ ದಿನಾ ಹಾಕ್ತಿದ್ದೆ."

"ನಾನೂ ಕದ್ದು ಹಾಕ್ತಿದ್ದೆ ಕಣೇ, ನಿಂಗೆ ಏಟು ಬೀಳದಿರಲಿ ಅಂತ," ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ.

"ಇಬ್ಬರೂ ಸೇರಿ ಸಾಯಿಸಿದ್ರಾ?" ಜಡೆ ಬಿಡದೆ ಅವನು ಇನ್ನೊಂದು ಕೈ ಎತ್ತಿದ.

"ಸತ್ತಿಲ್ಲ. ಕೊಳೆತದ್ದನ್ನ ಕತ್ತರಿಸಿ ಬಿಸಾಕಿದ್ರೆ ಉಳಿಯುತ್ತೆ," ಎಂದಳು ಅವಳು.

ಅತ್ತೆ ಒಳಗಿಂದ ಚಾಕು ತಂದು ಸೊಸೆಯ ಕೈಗಿಟ್ಟರು. "ಕತ್ತರಿಸು ಮಗಳೇ," ಎಂದರು, ಮಗನನ್ನೇ ನೋಡುತ್ತಾ.

ಜಡೆ ಹಿಡಿದಿದ್ದ ಮುಷ್ಟಿ ತಾನಾಗಿ ಸಡಿಲವಾಯಿತು.