ಹಿಂದಿನ ಸೀಟಿನ ಹಾಡು

ಒಂದೇ ತಿಂಗಳಲ್ಲಿ ಅದೇ ಹಳೇ ಕಾರು ಮೂರನೇ ಸಲ ಬಂದು ನಿಂತಾಗ ಕಾರ್ ಎಲೆಕ್ಟ್ರಿಷಿಯನ್ ಅಂತೋಣಿಗೆ ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು.

“ಹಿಂದಿನ ಸ್ಪೀಕರ್ ಮತ್ತೆ ಸತ್ತಿದೆ ಕಣಪ್ಪಾ,” ಎಂದ ಕಾರಿನವನು. “ನನ್ನ ಹೆಂಡತಿಗೆ ಕಣ್ಣು ಕಾಣಲ್ಲ. ಹಾಡೊಂದೇ ಅವಳಿಗೆ ಜೊತೆ. ಇವತ್ತು ಬೇರೆ ತುಂಬಾ ದೂರ ಹೋಗೋದಿದೆ, ಗಟ್ಟಿಯಾಗಿ ಮಾಡಿಕೊಡು.”

ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಅಂದುಕೊಂಡ ಅಂತೋಣಿ. ಹೆಂಡತಿ ಹಿಂದಿನ ಸೀಟಿನಲ್ಲೇ ಕೂತಿದ್ದಳು. ಅವಳನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ನರ್ಸು ಮುಂದಿನ ಸೀಟಿನಿಂದಿಳಿದು, ಕಾರಿನವನ ಜೊತೆ ಎದುರಿನ ಹೋಟೆಲಿಗೆ ಕಾಫಿಗೆ ಹೋದಳು.

ಸೀಟಿನಡಿ ಬಗ್ಗಿ ನೋಡಿದರೆ, ಎರಡು ಸಲ ತಾನೇ ಜೋಡಿಸಿದ್ದ ವೈರು ಮತ್ತೆ ಕಿತ್ತುಬಂದಿತ್ತು. ಪಾಪ, ಕಾಣದೆ ಕಾಲು ತಾಗಿಸುತ್ತಾಳೆ ಎಂದು ಅಂತೋಣಿ ಹೊಸ ವೈರಿಗೆ ಬೆಸುಗೆ ಹಾಕಿ, ಕಬ್ಬಿಣದ ಪೈಪಿನೊಳಗೆ ತೂರಿಸಿ, ಪೈಪನ್ನು ಸ್ಕ್ರೂ ಹೊಡೆದು ನೆಲಕ್ಕೆ ಬಿಗಿದ. ಹಾಡು ಹಾಕಿದ. ಅವಳ ತಲೆಯ ಹಿಂದೆಯೇ ಸ್ಪೀಕರ್ ಮೊಳಗಿತು.

“ನೋಡೀಮ್ಮ, ಇನ್ನು ಆನೆ ಕಟ್ಟಿ ಎಳೆದರೂ ಬರಲ್ಲ!”

ಅವಳ ಕೈ ಸೀಟಿನಡಿ ತಡಕಾಡಿತು. ಪೈಪು ಸಿಕ್ಕಿತು. ಎರಡು ಸಲ ಜಗ್ಗಿ ನೋಡಿದಳು. ಅಷ್ಟರಲ್ಲಿ ಹೋಟೆಲಿನ ಮೆಟ್ಟಿಲಿಳಿದು ಅವರಿಬ್ಬರೂ ರಸ್ತೆ ದಾಟುತ್ತಿದ್ದರು.

“ಬೇಗ ಬಿಚ್ಚಿಬಿಡಪ್ಪ,” ಎಂದಳು. “ಹಾಡು ನಿಂತಾಗ ಮಾತ್ರ ಮುಂದಿನ ಸೀಟಿನ ಮಾತು ನನಗೆ ಕೇಳಿಸೋದು. ನನ್ನನ್ನ ಎಲ್ಲಿ ಇಳಿಸಿ ಬಿಟ್ಟು ಬರೋದು ಅಂತ ಮೊನ್ನೆ ಮಾತಾಡಿಕೊಂಡರು. ಯಾವತ್ತು ಅನ್ನೋದು ಮಾತ್ರ ಇನ್ನೂ ಕಿವಿಗೆ ಬಿದ್ದಿಲ್ಲ.”