ಅಜ್ಜ ಮರೆತ ಗರ

ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿದಾಗ ಏಳುವ ಸುಟ್ಟ ವಾಸನೆ ಈಗಲೂ ನನ್ನನ್ನು ಅಜ್ಜಂಪುರದ ನಮ್ಮ ಜಗಲಿಯಲ್ಲಿ ಕೂರಿಸಿಬಿಡುತ್ತದೆ.

ಅವತ್ತು ಮಧ್ಯಾಹ್ನ ಅಜ್ಜನೂ ನಾನೂ ಚೌಕಾಬಾರ ಆಡುತ್ತಿದ್ದೆವು. ಕವಡೆ ಕಳೆದುಹೋಗಿದ್ದರಿಂದ ಹುಣಸೆಬೀಜಗಳನ್ನೇ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಉಜ್ಜಿಕೊಂಡಿದ್ದೆವು. ಉಜ್ಜಿ ಬಿಸಿಯಾದ ಬೀಜವನ್ನು ಅಜ್ಜ ನನ್ನ ಮೊಣಕೈಗೆ ಚುರ್ರೆಂದು ತಾಗಿಸಿ ನಕ್ಕಿದ್ದರು. ಅವರನ್ನು ನಾನು ಒಮ್ಮೆಯೂ ಸೋಲಿಸಿರಲಿಲ್ಲ. ಆದರೆ ಅವತ್ತು ನಾನು ಕಾಯಿ ಮಾಡಿಕೊಂಡಿದ್ದ ಬಳೆಚೂರುಗಳಲ್ಲಿ ಕೊನೆಯದು ನಡುಮನೆ ಸೇರಲು ಒಂದೇ ಮನೆ ಬಾಕಿಯಿತ್ತು.

ಅಜ್ಜನಿಗೆ ನಾಲ್ಕು ಬಿತ್ತು. ನಾಲ್ಕು ಬಿದ್ದವರು ಇನ್ನೊಂದು ಗರ ಹಾಕಬೇಕು. ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. "ಇವತ್ತೂ ಲೇಟು" ಎನ್ನುತ್ತ ಅಜ್ಜ ಕಾಯಿ ನಡೆಸಿ, ಬೀಜಗಳನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಅವರು ನನ್ನ ಮುಖ ನೋಡಿದರು.

ಬೆವರಿದ ಮುಷ್ಟಿಯಲ್ಲಿ ಬೀಜಗಳು ಅಂಟಿಕೊಂಡವು. ಒಂದೊಂದಾಗಿ ಬಿಡಿಸಿ ಅಜ್ಜನ ಮುಂದಿಟ್ಟೆ.

"ಅಜ್ಜ, ನಿಂಗೆ ಇನ್ನೊಂದು ಗರ ಐತೆ."

"ಅಯ್ಯೋ, ಮರ್ತೇಬಿಟ್ಟಿದ್ದೆ ಕಣೇ!"

ಬಿದ್ದದ್ದು ಮೂರು. ಅಜ್ಜನ ಕಾಯಿ ನೇರ ನನ್ನ ಬಳೆಚೂರಿದ್ದ ಮನೆಗೇ ಬಂತು.

"ಮಗು ಕಣ್ರೀ, ಕಡೀಬೇಡಿ" ಎಂದರು ಅಜ್ಜಿ.

"ನಂಗೇ ಆಟ ಹೇಳ್ಕೊಟ್ಲು ಕಣೇ ಇವ್ಳು! ಈಗ ಬಿಟ್ಕೊಟ್ರೆ ಅವಮಾನ ಮಾಡ್ದಂಗೆ" ಎಂದು ಅಜ್ಜ ತೊಡೆ ತಟ್ಟಿ ಕಡಿದೇಬಿಟ್ಟರು. ನನ್ನ ಬಳೆಚೂರು ಮತ್ತೆ ಮೊದಲ ಮನೆಗೆ ಹೋಯಿತು. ನಾನು ಸೋತೆ. ಆ ಸಿಟ್ಟಿಗೆ ಒಂದು ಬೀಜವನ್ನು ಚೆನ್ನಾಗಿ ಉಜ್ಜಿ ಅಜ್ಜನ ಮೊಣಕೈಗೆ ಇಟ್ಟೆ. ಅವರು ಹಾರಿಬಿದ್ದ ರೀತಿಗೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆ ಜಗಲಿಗೆ ಬಂದವರಿಗೆಲ್ಲ ಅಜ್ಜ ಮೀಸೆ ತೀಡುತ್ತ ಹೇಳಿದ್ದು ಒಂದೇ: "ಇವತ್ತು ನಮ್ ಹುಡ್ಗಿ ಸೋತ್ಲು ಕಣಯ್ಯ. ಎಂಥಾ ಸೋಲು ಅಂತೀಯ!"