ಹತ್ತು ಕೈಯ ಗಿಟಾರು

ಅಯಸ್ಕಾಂತ ಮೂರು. ಕೂದಲಿಗಿಂತ ಸಣ್ಣ ತಾಮ್ರದ ತಂತಿ ಒಂದು ಉಂಡೆ. ನಡುವೆ ತೂತು ಕೊರೆದ ಹಲಸಿನ ಹಲಗೆ ಒಂದು. ಕಲಾಸಿಪಾಳ್ಯದ ತರಕಾರಿ ಮಂಡಿಯ ಮರೆಯಲ್ಲಿ ನಿಂತು ಕಾನ್‌ಸ್ಟೇಬಲ್ ದೊಡ್ಡಬೈರಪ್ಪ ಇಷ್ಟನ್ನೂ ನೋಟುಬುಕ್ಕಿಗೆ ಇಳಿಸಿದ. ಇನ್ನು ಅನುಮಾನವಿಲ್ಲ. ಮೋಟಾರು ವೈಂಡಿಂಗ್ ಅಂಗಡಿಯಿಂದ ತನ್ನಷ್ಟಕ್ಕೆ ನಗುತ್ತ ಹೊರಬಂದ ಪಂಚಾಕ್ಷರಿ ಕಟ್ಟುತ್ತಿರುವುದು ಗುಟ್ಟಿನ ರೇಡಿಯೊವೇ.

ಅದು ನಲವತ್ತೆರಡರ ಚಳಿಗಾಲ. ಚಳವಳಿಯ ಕರಪತ್ರಗಳು ಬೆಂಗಳೂರಿನ ಗೋಡೆಗಳ ಮೇಲೆ ನಾಯಿಕೊಡೆಯ ಹಾಗೆ ಏಳುತ್ತಿದ್ದವು. ಇನ್ಸ್‌ಪೆಕ್ಟರು ದೊಡ್ಡಬೈರಪ್ಪನನ್ನು ಕರೆದು ಎರಡೇ ಮಾತು ಹೇಳಿದ್ದರು. ಎಲ್ಲೆಲ್ಲಿಯ ಸುದ್ದಿಯೂ ಈ ಚಳವಳಿಯವರಿಗೆ ನಮಗಿಂತ ಮುಂಚೆ ಮುಟ್ಟುತ್ತಿದೆ. ಒಂದೋ ಅದನ್ನು ತರಿಸುವ ರೇಡಿಯೊ ಹಿಡಿ, ಇಲ್ಲವೇ ಕರಪತ್ರ ಹೊತ್ತು ತಿರುಗುವ ಕಾಲು ಯಾವುದೆಂದು ತೋರಿಸು. ಮಾಡಿದರೆ ದಫೇದಾರಿಕೆ, ಮಾಡದಿದ್ದರೆ ಪಾವಗಡಕ್ಕೆ ವರ್ಗ. ಕಾಲು ಊರಿನಲ್ಲಿ ಲಕ್ಷಾಂತರ ಇವೆ. ರೇಡಿಯೊಗೆ ಒಂದು ಗತ್ತಿದೆ. ದೊಡ್ಡಬೈರಪ್ಪ ರೇಡಿಯೊವನ್ನೇ ಆರಿಸಿಕೊಂಡ. ತಂತಿ, ಅಯಸ್ಕಾಂತ ಕೇಳುತ್ತ ಅಂಗಡಿ ಅಂಗಡಿ ಸುತ್ತುತ್ತಿದ್ದ ಪಂಚಾಕ್ಷರಿ ಕಣ್ಣಿಗೆ ಬಿದ್ದ. ಹೆಂಡತಿ ಲಕ್ಕಮ್ಮ ತಾನೀಗ ದಫೇದಾರರ ಮನೆಯವಳೆಂದು ಆಗಲೇ ತವರಿಗೆ ಕಾಗದ ಬರೆಸಿಬಿಟ್ಟಿದ್ದಳು.

ವೇಷ ಮರೆಸುವುದರಲ್ಲಿ ದೊಡ್ಡಬೈರಪ್ಪ ಗಟ್ಟಿಗ. ಮೇಲೆ ಜುಬ್ಬ, ನಡುವೆ ಪಂಚೆ, ಕೆಳಗೆ ಸರ್ಕಾರಿ ಬೂಟು. ಈ ವೇಷದಲ್ಲಿ ಅವನು ಮೊದಲ ದಿನ ಚಾಮರಾಜಪೇಟೆಗೆ ಹೋಗಿ ಪಂಚಾಕ್ಷರಿಯ ಮನೆಯ ಜಗಲಿಯ ಮೇಲೇ ಕುಳಿತ. ಪಂಚಾಕ್ಷರಿಯ ಅಜ್ಜಿ ದಾಕ್ಷಾಯಣಮ್ಮ ಬಾಗಿಲಿಗೆ ಬಂದು, ಪೊಲೀಸಿನವರು ಬಿಸಿಲಲ್ಲಿ ಕೂರಬಾರದು, ಒಳಗೆ ಬಾ ಎಂದರು. ಅವರಿಗೆ ಹೇಗೆ ತಿಳಿಯಿತೋ ಆ ಶಿವನೇ ಬಲ್ಲ.

ಅಜ್ಜಿ ಕೇಳದೆಯೇ ಎಲ್ಲ ಹೇಳಿದರು. ದಂಡು ಪ್ರದೇಶದಲ್ಲಿ ಅಮೆರಿಕದ ಸೋಲ್ಜರುಗಳು ಕರೆಂಟಿನ ಗಿಟಾರು ಬಾರಿಸಿದ್ದು ಕೇಳಿದಂದಿನಿಂದ ಮೊಮ್ಮಗನಿಗೆ ಅದೇ ಹುಚ್ಚು. ಲೋಕದಲ್ಲಿ ಇನ್ನೊಂದಿಲ್ಲ ಅನ್ನುವಂಥದ್ದನ್ನು ತಾನೇ ಕಟ್ಟುತ್ತಾನಂತೆ. ದೊಡ್ಡಬೈರಪ್ಪ ಮೀಸೆಯೊಳಗೇ ನಕ್ಕ. ಗಿಟಾರಂತೆ. ಗಿಟಾರಿಗೆ ಅಯಸ್ಕಾಂತವಂತೆ.

"ಅದ್ಕೆ ಒಬ್ಬ ಬಡಗಿ ಸಾಲ್ದಾ ಅಜ್ಜಿ? ಮಾವಳ್ಳಿ, ಕಲಾಸಿಪಾಳ್ಯ, ತ್ಯಾಗರಾಜನಗರ ಅಂತ ಯಾಕೆ ಸುತ್ತಬೇಕು?" ಎಂದು ಕೆಣಕಿದ.

"ಅವನೂ ಒಬ್ಬ ಸಾಕು ಅಂದ. ನಾನೇ ಬೇಡ ಅಂದೆ. ಒಂದೇ ಕೈಲಿ ಆದದ್ದು ಅಂಗಡಿ ಸಾಮಾನು ಕಣಪ್ಪ. ಹತ್ತು ಕೈ ಸೇರಿದ್ರೇ ಕೆಲಸ ಆಗೋದು. ಕತೇಲಿ ರಾಜಕುಮಾರ ಏಳು ಕೆರೆ ನೀರು ತರಲ್ವಾ, ಹಾಗೆ."

ಹತ್ತು ಕೈಗಳೂ ನಿಧಾನದ ಕೈಗಳೇ. ಮಾವಳ್ಳಿಯ ಶೀನಣ್ಣ ಜೀವಮಾನವೆಲ್ಲ ವೀಣೆ ಕೆತ್ತಿದವನು. ಈ ಬುರುಡೆಯಿಲ್ಲದ ವಾದ್ಯಕ್ಕೆ ಹಲಸಿನ ಮೈ ಕೆತ್ತುವಾಗ ಅವನಿಗೆ ಅಳುವೇ ಬಂದಿತ್ತು. ತ್ಯಾಗರಾಜನಗರದ ನಂಜಪ್ಪ ಹಿತ್ತಾಳೆಯ ಮೆಟ್ಟುಗಳನ್ನು ದಿನಕ್ಕೊಂದರಂತೆ ಅರದಲ್ಲಿ ತೀಡಿದ. ಕಲಾಸಿಪಾಳ್ಯದ ವೈಂಡಿಂಗ್ ಪುಟ್ಟಯ್ಯ ಅಯಸ್ಕಾಂತಕ್ಕೆ ಐದು ಸಾವಿರ ಸುತ್ತು ತಂತಿ ಸುತ್ತುವಾಗ ಯಾರೋ ಮಾತಾಡಿಸಿ ಎಣಿಕೆ ತಪ್ಪಿ, ಬಿಚ್ಚಿ, ಮೊದಲಿನಿಂದ ಸುತ್ತಿದ. ಪಂಚಾಕ್ಷರಿ ದಿನಾ ಹೋಗಬೇಕಾಯಿತು. ಅವನ ಹಿಂದೆ ದೊಡ್ಡಬೈರಪ್ಪನೂ.

"ಇವನ ಕೈಲಿ ಕೊಟ್ರೆ ಎಲ್ಲೋ ಮರೆತು ಬರ್ತಾನೆ," ಎಂದರು ಅಜ್ಜಿ ಎರಡನೆಯ ದಿನ. "ನೀನು ಹೇಗೂ ಅವನ ಹಿಂದೇನೇ ಹೋಗ್ತೀಯಲ್ಲ, ಈ ಹಪ್ಪಳದ ಕಟ್ಟು ಶೀನಣ್ಣಂಗೆ ಮುಟ್ಟಿಸ್ಬಿಡಪ್ಪ. ದಾರೀಲಿ ಬಿಚ್ಬೇಡ, ಗಾಳಿ ಆಡಿದ್ರೆ ಮೆತ್ತಗಾಗುತ್ತೆ."

ಆ ಅಜ್ಜಿಗೆ ಇಲ್ಲವೆನ್ನುವ ಗಂಡು ಚಾಮರಾಜಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಮೇಲಾಗಿ, ಕೈಯಲ್ಲೊಂದು ಗಂಟಿದ್ದರೆ ವೇಷಕ್ಕೂ ಶೋಭೆ. ಅಂದಿನಿಂದ ದಿನಕ್ಕೊಂದು ಕಟ್ಟು, ದಿನಕ್ಕೊಂದು ದಿಕ್ಕು. ಬೀದಿಯ ತಿರುವುಗಳಲ್ಲಿ ತಪಾಸಣೆಗೆ ನಿಂತ ಪೊಲೀಸರು ಪಂಚಾಕ್ಷರಿಯ ಜೇಬನ್ನು ಕೊಡವಿ ನೋಡುವರು. ಹಿಂದೆ ಬರುತ್ತಿದ್ದವನ ಬೂಟು ನೋಡಿ ಸಲಾಮು ಹೊಡೆಯುವರು. ಮರಳಿ ಬಂದರೆ ಕೋಡುಬಳೆ, ಲೋಟದ ತುಂಬ ಕಾಫಿ. ಅಡುಗೆಮನೆಯಿಂದ ಹಪ್ಪಳ ಒತ್ತುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಉಗುರೆಲ್ಲ ಕಪ್ಪಾಗುವಷ್ಟು ದುಡಿಯುತ್ತದಲ್ಲ ಮುದುಕಿ ಎಂದು ಅವನು ಮರುಗುತ್ತ, ಇನ್ನೊಂದು ಕೋಡುಬಳೆ ಮುರಿಯುತ್ತಿದ್ದ.

ನಾಲ್ಕನೆಯ ವಾರದಲ್ಲೊಂದು ದಿನ ಬಿಡಿಭಾಗಗಳೆಲ್ಲ ಒಂದು ಕಡೆ ಸೇರಿದವು. ದೊಡ್ಡಬೈರಪ್ಪ ಸುದ್ದಿ ಮುಟ್ಟಿಸಿದ್ದೇ ತಡ, ಅಂದೇ ಮಧ್ಯಾಹ್ನ ಇನ್ಸ್‌ಪೆಕ್ಟರು ನಾಲ್ಕು ಜನರೊಂದಿಗೆ ಮನೆಗೆ ನುಗ್ಗಿದರು. ನಡುಮನೆಯಲ್ಲಿ ಸ್ಟೇಷನ್ನು ಹಿಡಿಯದೆ ಸದ್ದು ಮಾತ್ರ ಹೊರಡಿಸುವ ಒಂದು ಹಳೆಯ ರೇಡಿಯೊ ಪೆಟ್ಟಿಗೆ, ಅದರಿಂದ ಹೊರಟ ವೈರು, ವೈರಿನ ತುದಿಗೆ ಪಂಚಾಕ್ಷರಿಯ ತೊಡೆಯ ಮೇಲೆ ಆ ವಸ್ತು. ದೊಡ್ಡಬೈರಪ್ಪ ಎದೆಯುಬ್ಬಿಸಿ ಕೈ ತೋರಿಸಿದ. ಪಂಚಾಕ್ಷರಿ ಪರಮಾನಂದದಿಂದ ತಂತಿ ಮೀಟಿದ. ಎದುರು ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು.

"ಇದೇನಯ್ಯ ನಿನ್ನ ರೇಡಿಯೊ?" ಎಂದರು ಇನ್ಸ್‌ಪೆಕ್ಟರು, ಬಹಳ ಮೆತ್ತಗೆ.

ಬಂದ ತಪ್ಪಿಗೆ ಅಡುಗೆಮನೆಯನ್ನೂ ನೋಡೋಣವೆಂದು ಹೊರಟರು. ಬೂಟು ಬಿಚ್ಚಿ ಬನ್ನಿ ಸ್ವಾಮಿ, ಒಲೆ ಇರೋ ಜಾಗ, ಎಂದರು ಅಜ್ಜಿ. ಇನ್ಸ್‌ಪೆಕ್ಟರು ಮೊಣಕಾಲಿನವರೆಗಿನ ತಮ್ಮ ಲೇಸುಗಳನ್ನೊಮ್ಮೆ ನೋಡಿಕೊಂಡರು. ಹಪ್ಪಳದಲ್ಲಿ ನೋಡುವುದೇನಿದೆ ಎಂದು ಹಿಂದಿರುಗಿದರು.

ಮೂರನೆಯ ದಿನ ಪಾವಗಡದ ಆರ್ಡರು ಬಂತು. ಲಕ್ಕಮ್ಮ ಮಾತು ಬಿಟ್ಟಳು. ಊರೆಲ್ಲ ನಕ್ಕಿತು, ನಗದೆ ಕಣ್ಣೊರೆಸಿಕೊಂಡವರು ಅಜ್ಜಿಯೊಬ್ಬರೇ. "ನೀನಿಲ್ದೆ ನಮ್ಮ ಕೆಲಸ ಆಗ್ತಿರ್ಲಿಲ್ಲ ಮಗಾ," ಎಂದು ತಲೆ ಸವರಿ, ಪಾವಗಡದ ಬಸ್ಸು ನಿಲ್ಲುವಲ್ಲಿ ನಮ್ಮ ನೆಂಟರ ಅಂಗಡಿಯಿದೆ, ಕೊಟ್ಟುಬಿಡು ಎಂದು ಒಂದು ದೊಡ್ಡ ಕಟ್ಟನ್ನೇ ಕೈಗಿತ್ತರು.

ತುಮಕೂರಿನಲ್ಲಿ ಬಸ್ಸು ನಿಂತಿತು. ಹೋಟೆಲಿನ ಒಲೆಯ ಕೆಂಡ ಕಂಡು ದೊಡ್ಡಬೈರಪ್ಪನಿಗೆ ದುಃಖದ ನಡುವೆಯೂ ಹಸಿವಾಯಿತು. ಒಂದೇ ಒಂದು ಹಪ್ಪಳ ಸುಟ್ಟುಕೊಂಡರೆ ಅಜ್ಜಿ ಬೇಸರಪಡುವವರಲ್ಲ. ಮೊದಲ ಸಲ ಕಟ್ಟು ಬಿಚ್ಚಿದ. ಮೇಲೆ ಎರಡು ಹಪ್ಪಳ, ಕೆಳಗೆ ಎರಡು. ನಡುವೆ, ಮಸಿ ಇನ್ನೂ ಹಸಿಯಾಗಿದ್ದ ಇನ್ನೂರು ಕರಪತ್ರ.

ಇನ್ಸ್‌ಪೆಕ್ಟರು ಕೇಳಿದ್ದ ಕಾಲುಗಳನ್ನು ದೊಡ್ಡಬೈರಪ್ಪ ಕೊನೆಗೂ ಪತ್ತೆಹಚ್ಚಿದ. ಅವು ಅವನದೇ ಸರ್ಕಾರಿ ಬೂಟಿನೊಳಗೆ ಬೆವರುತ್ತಿದ್ದವು.